ಅಚ್ಚಿನ ಲೆಕ್ಕ

ಹೋದ ವರ್ಷ ಗೌರಿ ಹುಣ್ಣಿಮೆಗೆ ಇನ್ನೂ ಎಂಟು ದಿನ ಇತ್ತು. ಅಟ್ಟದ ಮೇಲಿನ ಸಕ್ಕರೆ ಅಚ್ಚುಗಳ ಗಂಟನ್ನು ಇಳಿಸಿಕೊಂಡು, ಹಳೆಯ ಸೀರೆಯ ತುಂಡಿನಿಂದ ಒಂದೊಂದನ್ನೇ ಒರೆಸುತ್ತ ಪಡಸಾಲೆಯಲ್ಲಿ ಕೂತಿದ್ದೆ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಹೆಗಲಿಗೆ ಚೀಲ ಹಾಕಿಕೊಂಡು ಒಳಗೆ ಬಂದ. ಹಬ್ಬಕ್ಕೆ ಮೊದಲೇ ಬಂದನಲ್ಲ ಎಂದು ಸಂತೋಷವಾಯಿತು. ಆದರೆ ಅವನು ಕೊಟ್ಟೂರಿನ ತನ್ನ ಮನೆಗೆ ಹೋಗದೆ ನೇರವಾಗಿ ಹರಪನಹಳ್ಳಿಗೆ, ನನ್ನ ಮನೆಗೆ ಬಂದಿದ್ದಾನೆಂದು ತಿಳಿದಾಗ ಎದೆ ಸ್ವಲ್ಪ ಹೊಡೆದುಕೊಂಡಿತು. ಗಂಡುಹುಡುಗರು ತಾಯಿಯನ್ನು ದಾಟಿ ಚಿಗವ್ವನ ಮನೆಗೆ ಬಂದರೆ ಅದಕ್ಕೆ ಎರಡೇ ಕಾರಣ. ಒಂದು ಹುಡುಗಿ, ಇನ್ನೊಂದು ದುಡ್ಡು.

ದುಡ್ಡೇ ಆಗಿತ್ತು.

ಊಟವಾದ ಮೇಲೆ ಚೀಲದಿಂದ ಒಂದು ಪೆಟ್ಟಿಗೆ ತೆಗೆದ. ಅದರಲ್ಲಿ ಸ್ಪಂಜಿನ ಹಾಸಿಗೆಯ ಮೇಲೆ ಮಗುವಿನಂತೆ ಮಲಗಿತ್ತು ಒಂದು ರೈಲು ಇಂಜಿನ್ನು. ಅಂಗೈಗಿಂತ ಸ್ವಲ್ಪ ಉದ್ದ. ಅಮೆರಿಕದಲ್ಲಿ ಓಡುತ್ತಿದ್ದ ಯಾವುದೋ ಡೀಸೆಲ್ ಇಂಜಿನ್ನಿನ ಪ್ರತಿರೂಪವಂತೆ. ಕಿಟಕಿಯ ವೈಪರು, ಹಿಡಿಕೆಯ ಕಂಬಿ, ಬಾಗಿಲಿನ ಕೀಲು, ಎಲ್ಲ ಇದ್ದವು. ನನ್ನ ಕನ್ನಡಕವನ್ನು ಹಣೆಗೇರಿಸಿ ಕಣ್ಣ ಹತ್ತಿರ ಹಿಡಿದು ನೋಡಿದೆ.

"ಚೆಂದ ಐತಿ. ಯಾವ ಅಂಗಡ್ಯಾಗ ತಂದಿ? ಎಷ್ಟು?"

"ಹದಿನಾರು ಸಾವಿರ, ಚಿಗವ್ವ. ಹಳೇದು. ಹೊಸದಾದ್ರ ಇನ್ನೂ ಜಾಸ್ತಿ."

"ಹದಿನಾರು ಸಾವಿರಕ್ಕ ಆಟಿಗಿ ಸಾಮಾನ?"

"ಆಟಿಗಿ ಸಾಮಾನಲ್ಲ ಅದು. ಮಾಡೆಲ್."

ಆಮೇಲೆ ವಿಷಯ ಬಿಚ್ಚಿದ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮೇಲೆ ಬಿಡಿಭಾಗಗಳ ನಕ್ಷೆ ಬರೆಯುವ ನೌಕರಿ ಅವನದು. ಅದನ್ನು ಬಿಟ್ಟು ನಾಲ್ಕು ತಿಂಗಳಾಗಿತ್ತು. ಅಕ್ಕನಿಗೆ ಗೊತ್ತಿರಲಿಲ್ಲ. ನಮ್ಮ ದೇಶದ ರೈಲುಗಳ ಇಂಥ ಪ್ರತಿರೂಪಗಳನ್ನು ಮಾಡುವವರು ಕಡಿಮೆ, ಬೇಕೆನ್ನುವ ಹವ್ಯಾಸಿಗಳು ಬೆಂಗಳೂರು, ಚೆನ್ನೈ, ಪುಣೆಗಳಲ್ಲಿ ಇದ್ದಾರೆ, ತಾನು ಮಾಡುತ್ತೇನೆ ಎಂದ. ಅಚ್ಚು ಮಾಡಿಸಲು ಹನ್ನೆರಡು ಲಕ್ಷ ಬೇಕು. ಮೂರು ಲಕ್ಷ ತನ್ನದು, ನಾಲ್ಕು ಲಕ್ಷ ಗೆಳೆಯನದು. ಉಳಿದ ಐದು ಲಕ್ಷ ಚಿಗವ್ವ ಕೊಡಬೇಕು. "ಅವ್ವಗ ಹೇಳಬ್ಯಾಡ."

ನನ್ನ ಎಲ್ಐಸಿ ಪಾಲಿಸಿಯ ಅವಧಿ ಮುಗಿದು ಹಣ ಬಂದದ್ದು ಈ ಹುಡುಗನಿಗೆ ಹೇಗೆ ತಿಳಿಯಿತೋ! ಅದು ಮಗಳ ಮದುವೆಗೆಂದು ಇಟ್ಟ ಹಣ. ನಮ್ಮ ಮನೆಯವರು ಒಳಗಿನಿಂದ ಕೆಮ್ಮಿದರು. ಅವರು ಕೆಮ್ಮಿದರೆ ಅದು ಬೇಡ ಎಂದು ಅರ್ಥ.

ನಾನು ಆ ಕ್ಷಣಕ್ಕೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಕಾರಣ ಹೇಳಬೇಕು. ನಾವು ಚಿಕ್ಕವರಿದ್ದಾಗ ಕೊಟ್ಟೂರಿಗೆ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೇಲೆ ಮೀಟರ್ ಗೇಜ್ ರೈಲು ಬರುತ್ತಿತ್ತು. ಹೊಗೆ ಉಗುಳುವ ರೈಲು. ಅದು ನಮ್ಮೂರಲ್ಲೇ ನಿಂತುಬಿಡುತ್ತಿತ್ತು. ಮುಂದೆ ಹಳಿ ಇರಲಿಲ್ಲ. ಆ ಹಳಿ ಹರಿಹರದ ಕಡೆ ಬೆಳೆದು ಹರಪನಹಳ್ಳಿಯವರು ಮನೆ ಹತ್ತಿರ ರೈಲು ಹತ್ತಿದ್ದು ಈ ಶತಮಾನದ ಎರಡನೆಯ ದಶಕದಲ್ಲಿ. ಅಷ್ಟರಲ್ಲಿ ನಮ್ಮ ತಾಲ್ಲೂಕು 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿ, ನಾನು ಒಂದೇ ಶಾಲೆಯ ಒಂದೇ ಕುರ್ಚಿಯಲ್ಲಿ ಕೂತು ಮೂರು ಜಿಲ್ಲೆಗಳ ಮಾಸ್ತರಿಣಿಯಾದೆ. ಇರಲಿ. ಹೇಳಹೊರಟದ್ದು ಬೇರೆ.

ಕೊಟ್ಟೂರೇಶ್ವರನ ತೇರಿನ ಜಾತ್ರೆಯಲ್ಲಿ ಒಂದು ವರ್ಷ ಅಪ್ಪ ಅಣ್ಣನಿಗೆ ತಗಡಿನ ರೈಲು ಕೊಡಿಸಿದರು. ಕೀಲಿ ಕೊಟ್ಟರೆ ಗುಂಡಗಿನ ಹಳಿಯ ಮೇಲೆ ಗಿರಗಿರ ತಿರುಗುವ ರೈಲು. ಅಕ್ಕನಿಗೂ ನನಗೂ ಕಟ್ಟಿಗೆಯ ಒಲೆ, ಬೀಸುಕಲ್ಲು, ಒರಳು. ನಾವೇನು ಅತ್ತವರಲ್ಲ. ಕೀಲಿ ಕೊಡುವ ಕೆಲಸ ಮಾತ್ರ ನಮಗೆ ಬಿಟ್ಟಿದ್ದ ಅಣ್ಣ. ರೈಲನ್ನು ಹಳಿಯ ಮೇಲೆ ಇಡುವವನು ಅವನೇ. ಹದಿನೈದು ದಿನಕ್ಕೆ ಸ್ಪ್ರಿಂಗು ಮುರಿಯಿತು. ಹೆಚ್ಚು ಕೀಲಿ ಕೊಟ್ಟದ್ದು ನಾನು ಎಂದು ಬೈಗುಳ ನನಗೇ ಬಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹುಡುಗನನ್ನು ಕೂರಿಸಿಕೊಂಡು, ಶಾಲೆಯ ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಯ ಮೇಲೆ, "ಬರಿ ಲೆಕ್ಕ" ಎಂದೆ. ನಾನು ಬಿಎ ಬಿಎಡ್, ಗಣಿತದವಳಲ್ಲ. ಆದರೆ ನಮ್ಮ ಓಣಿಯ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆದುಕೊಡುವವಳು ನಾನೇ.

ಮೊದಲು ಅಳತೆ ತಿಳಿಸಿದ. ಇವರ ಲೋಕದಲ್ಲಿ ಎಲ್ಲವೂ ಎಂಬತ್ತೇಳನೆಯ ಒಂದು ಪಾಲು. ಅದಕ್ಕೆ ಎಚ್‌ಓ ಎನ್ನುತ್ತಾರೆ. ಅವನು ಆರಿಸಿದ್ದು ಡಬ್ಲ್ಯುಡಿಎಂ-2 ಎಂಬ ಡೀಸೆಲ್ ಇಂಜಿನ್ನು. ಹೆಸರು ಗೊತ್ತಿಲ್ಲದಿದ್ದರೂ ನೀವು ನೋಡಿದ್ದೀರಿ. ನಮ್ಮ ವಯಸ್ಸಿನವರು ತವರಿಗೆ, ಮದುವೆಗೆ, ಪ್ರವಾಸಕ್ಕೆ ಹೋದ ರೈಲುಗಳನ್ನು ಎಳೆದದ್ದು ಬಹಳ ಕಡೆ ಅದೇ. 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂದು, 1964ರಿಂದ ವಾರಾಣಸಿಯಲ್ಲಿ ತಯಾರಾಗತೊಡಗಿದ ಇಂಜಿನ್ನು. ಹದಿನೇಳು ಮೀಟರು ಉದ್ದದ್ದು ಇವನ ಕೈಯಲ್ಲಿ ಇಪ್ಪತ್ತು ಸೆಂಟಿಮೀಟರಿಗೂ ಕಡಿಮೆಯಾಗುತ್ತದೆ. ಹಳಿಯದೇ ಒಂದು ತೊಡಕು. ನಮ್ಮ ಬ್ರಾಡ್ ಗೇಜಿನ ಅಗಲ 1676 ಮಿಲಿಮೀಟರು. ಎಂಬತ್ತೇಳರಿಂದ ಭಾಗಿಸಿದರೆ 19 ಮಿಲಿಮೀಟರು ಚಿಲ್ಲರೆ. ಆದರೆ ಜಗತ್ತಿನ ಅಂಗಡಿಗಳಲ್ಲಿ ಸಿಗುವ ಎಚ್‌ಓ ಹಳಿ 16.5 ಮಿಲಿಮೀಟರಿನದು, ಯುರೋಪು ಅಮೆರಿಕದ ಅಳತೆಗೆ ಮಾಡಿದ್ದು. ನಮ್ಮ ಅಗಲದ ಗಾಲಿ, ಹಳಿ ಬೇಕೆಂದರೆ ಎಲ್ಲವನ್ನೂ ಹೊಸದಾಗಿ ಮಾಡಬೇಕು. ಅಷ್ಟು ಜನ ಕೊಳ್ಳುವವರಿಲ್ಲ. ಹಾಗಾಗಿ ನಮ್ಮ ದಪ್ಪನೆಯ ಇಂಜಿನ್ನು ಪರರ ಸಣ್ಣ ಚಪ್ಪಲಿ ಮೆಟ್ಟಿಕೊಂಡೇ ಓಡಬೇಕು.

ಆಮೇಲೆ ಅಚ್ಚಿನ ವಿಷಯಕ್ಕೆ ಬಂದೆವು. ಪಕ್ಕದಲ್ಲೇ ನನ್ನ ಸಕ್ಕರೆ ಅಚ್ಚುಗಳಿದ್ದವು. ಅವ್ವ ತೀರಿಕೊಂಡ ಮೇಲೆ ತೇರು, ಆನೆ, ಬಸವಣ್ಣ ಅಕ್ಕನ ಪಾಲಿಗೆ, ಗಿಳಿ, ಬಾಳೆಗೊನೆ ನನ್ನ ಪಾಲಿಗೆ ಬಂದವು. ಕಟ್ಟಿಗೆಯ ಎರಡು ಹೋಳು ಸೇರಿಸಿ ದಾರ ಬಿಗಿದು, ಬಿಸಿ ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಗಿಳಿ ಹೊರಗೆ ಬರುತ್ತದೆ. ಹುಡುಗಿಯರು ಆರತಿ ತಟ್ಟೆಯಲ್ಲಿ ಇಟ್ಟುಕೊಂಡು ಗೌರಿಗೆ ಬೆಳಗಲು ಹೋಗುತ್ತಾರೆ. ಇವನ ಇಂಜಿನ್ನಿನ ಅಚ್ಚೂ ಅದೇ ಜಾತಿ. ಕಟ್ಟಿಗೆಯ ಬದಲು ಉಕ್ಕು, ಪಾಕದ ಬದಲು ಕರಗಿದ ಪ್ಲಾಸ್ಟಿಕ್ಕು. ಉಕ್ಕಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಕೊರೆಯಬೇಕು. ಮೈಗೊಂದು, ಚಾಲಕನ ಕೋಣೆಗೊಂದು, ಬಂಪರಿಗೊಂದು ಎಂದು ಹಲವು ಅಚ್ಚು ಬೇಕು. ಅದಕ್ಕೇ ಲಕ್ಷಗಳು. ಒಮ್ಮೆ ಆದ ಮೇಲೆ ಪ್ಲಾಸ್ಟಿಕ್ಕಿನ ಖರ್ಚು ಒಂದು ಇಂಜಿನ್ನಿಗೆ ನೂರು ರೂಪಾಯಿಯೂ ಇಲ್ಲ.

"ಮತ್ತ ಅಗ್ಗ ಆಗಬೇಕಲ್ಲೋ?"

"ಎಷ್ಟು ಮಂದಿ ತಗೋತಾರ ಅನ್ನೋದರ ಮ್ಯಾಲ ಐತಿ, ಚಿಗವ್ವ."

ಹನ್ನೆರಡು ಲಕ್ಷದ ಅಚ್ಚಿನಲ್ಲಿ ಮೂವತ್ತು ಸಾವಿರ ಇಂಜಿನ್ನು ತೆಗೆದರೆ ಒಂದೊಂದರ ಮೇಲೆ ಅಚ್ಚಿನ ಭಾರ ನಲವತ್ತು ರೂಪಾಯಿ. ಮೂರು ಸಾವಿರ ತೆಗೆದರೆ ನಾನೂರು. ಇವನು ಎಣಿಸಿಟ್ಟ ಗಿರಾಕಿಗಳು ಮುನ್ನೂರು. ಆಗ ಅಚ್ಚಿನದೇ ನಾಲ್ಕು ಸಾವಿರ. ನಮ್ಮವ್ವನ ಗಿಳಿಯ ಅಚ್ಚು ನಲವತ್ತು ವರ್ಷ ನಮ್ಮ ಮನೆಯದು ಮಾತ್ರವಲ್ಲ, ಇಡೀ ಓಣಿಯ ಪಾಕ ಕುಡಿದಿದೆ. ಎಷ್ಟು ಸಾವಿರ ಗಿಳಿ ಹಾರಿವೆಯೋ! ಅದಕ್ಕೇ ಗಿಳಿಗೆ ಸಕ್ಕರೆಯ ಬೆಲೆ ಮಾತ್ರ.

ಕಂಪನಿಗಳು ಈ ಭಾರವನ್ನು ಹೇಗೆ ಇಳಿಸಿಕೊಳ್ಳುತ್ತವೆ ಎಂದು ಕೇಳಿದೆ. ಒಂದೇ ಅಚ್ಚಿನ ಮೈಗೆ ಬೇರೆ ಬೇರೆ ಬಣ್ಣ ಬಳಿದು, ಬೇರೆ ನಂಬರು ಹಾಕಿ, ಈ ವರ್ಷ ಇದು ಮುಂದಿನ ವರ್ಷ ಅದು ಎಂದು ಮಾರುತ್ತಾರಂತೆ. ಹವ್ಯಾಸಿಗಳು ನಾಲ್ಕನ್ನೂ ಕೊಳ್ಳುತ್ತಾರೆ. ನಗು ಬಂತು. ಅದೇ ಮೈಯ ಸೀರೆಗೆ ಅಂಚು ಬದಲಿಸಿ ನಮಗೆ ಮಾರುವುದನ್ನು ಸೀರೆ ಅಂಗಡಿಯವರು ಇವರಿಂದ ಕಲಿತರೋ, ಇವರೇ ಅವರಿಂದ ಕಲಿತರೋ.

ಹಾಗೆ ನೋಡಿದರೆ ಈ ವ್ಯಾಪಾರದ ಮೂಲದಲ್ಲಿ ಒಬ್ಬ ಹೆಂಗಸಿದ್ದಾಳೆ. ಹುಡುಗ ಕೊಟ್ಟ ಕಾಗದಗಳಲ್ಲಿ ಓದಿದೆ. ಜರ್ಮನಿಯ ಗೋಪಿಂಗೆನ್ ಎಂಬ ಊರಿನ ಮಾರ್ಕ್ಲಿನ್ ಕಂಪನಿ ಆಟದ ರೈಲಿಗೆ ಜಗತ್ಪ್ರಸಿದ್ಧ. ಆದರೆ 1859ರಲ್ಲಿ ಅದು ಶುರುವಾದದ್ದು ರೈಲಿನಿಂದಲ್ಲ, ಬೊಂಬೆಮನೆಯ ತಗಡಿನ ಅಡುಗೆ ಸಾಮಾನಿನಿಂದ. ಗಂಡ ಥಿಯೋಡೋರ್ ತಗಡು ಕೆಲಸದವನು. ಹೆಂಡತಿ ಕ್ಯಾರೊಲಿನ್ ಆ ಕಾಲದಲ್ಲೇ ಊರೂರು ತಿರುಗಿ, ಸ್ವಿಟ್ಜರ್ಲೆಂಡಿನವರೆಗೂ ಹೋಗಿ ಸಾಮಾನು ಮಾರುತ್ತಿದ್ದಳು. 1866ರಲ್ಲಿ ಗಂಡ ಸತ್ತ ಮೇಲೂ ಕಾರ್ಖಾನೆ ಮುಚ್ಚಲಿಲ್ಲ, ಅವಳೇ ನಡೆಸಿದಳು. 1888ರಲ್ಲಿ ಮಕ್ಕಳ ಕೈಗೆ ಬಂತು. 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಅವರು ರೈಲು ತಂದಿಟ್ಟರು. ಮೊದಲು ಒಂದು ಇಂಜಿನ್ನು, ನಾಲ್ಕು ಹಳಿ ಕೊಳ್ಳಿ, ಆಮೇಲೆ ಹುಟ್ಟುಹಬ್ಬಕ್ಕೊಂದು ಬೋಗಿ, ಕ್ರಿಸ್‌ಮಸ್ಸಿಗೊಂದು ಸ್ಟೇಷನ್ನು ಸೇರಿಸುತ್ತ ಹೋಗಿ ಎಂಬ ಉಪಾಯ. ಬೊಂಬೆಮನೆಗೆ ಮೊದಲು ಒಲೆ, ಆಮೇಲೆ ಪಾತ್ರೆ, ಆಮೇಲೆ ಮಂಚ ಕೊಡಿಸುವ ಉಪಾಯವೇ ಅದು. ಜಾತ್ರೆಯಲ್ಲಿ ನಮಗೆ ಕೊಡಿಸಿದ ಕಟ್ಟಿಗೆಯ ಒಲೆ ನೆನಪಾಯಿತು. ಅಣ್ಣನ ರೈಲಿಗಿಂತ ನಮ್ಮ ಒಲೆಯೇ ಹಿರಿಯದಂತೆ, ಅಕ್ಕನಿಗೆ ಅಂದೇ ಫೋನಿನಲ್ಲಿ ಹೇಳಬೇಕೆನಿಸಿತು. ಹೇಳುವಂತಿರಲಿಲ್ಲ. ಹುಡುಗ ಎದುರಿಗೇ ಕೂತಿದ್ದ.

ಅಂಥ ಮಾರ್ಕ್ಲಿನ್ ಕೂಡ 2009ರ ಫೆಬ್ರವರಿಯಲ್ಲಿ, ನೂರೈವತ್ತನೆಯ ವರ್ಷದಲ್ಲೇ, ದಿವಾಳಿ ಅರ್ಜಿ ಹಾಕಿತು. 2013ರಲ್ಲಿ ಆಟಿಕೆಯ ಇನ್ನೊಂದು ಮನೆತನ ಅದನ್ನು ಕೊಂಡಿತು. ಇಟಲಿಯ ಲಿಮಾ ಮುಳುಗಿದಾಗ 2004ರಲ್ಲಿ ಇಂಗ್ಲೆಂಡಿನ ಹಾರ್ನ್‌ಬಿ ಕಂಪನಿ ಅದರ ಅಚ್ಚುಗಳನ್ನೆಲ್ಲ ಕೊಂಡುಕೊಂಡಿತು. ಕಂಪನಿ ಸತ್ತರೂ ಅಚ್ಚಿಗೆ ಸಾವಿಲ್ಲ. ಗಿಳಿ ನನಗೆ, ತೇರು ಅಕ್ಕನಿಗೆ ಬಂದ ಹಾಗೆ ಪಾಲಾಗುತ್ತದೆ. ಆ ಹಾರ್ನ್‌ಬಿಯಾದರೂ ತನ್ನ ರೈಲುಗಳನ್ನು ತಾನೇ ಮಾಡುವುದನ್ನು 1990ರ ದಶಕದಲ್ಲೇ ಬಿಟ್ಟು ಚೀನಾಕ್ಕೆ ಕಳಿಸಿತು. ಅಚ್ಚಿನಿಂದ ಬಂದ ಮೈಗೆ ನೂರಾರು ಚೂರುಗಳನ್ನು ಚಿಮಟದಿಂದ ಅಂಟಿಸುವ ಕೆಲಸ ಯಂತ್ರದ್ದಲ್ಲ, ಕೈಯದು. ಅಲ್ಲಿ ಕೂಲಿ ಏರಿದ ಹಾಗೆ ಇಂಜಿನ್ನಿನ ಬೆಲೆಯೂ ಏರಿದೆ. ಕೊಳ್ಳುವವರಾದರೋ ಮೊದಲಿಗಿಂತ ಕಟ್ಟುನಿಟ್ಟು. ಒಂದು ಕಂಬಿ ಹೆಚ್ಚುಕಡಿಮೆಯಾದರೂ ಒಪ್ಪುವುದಿಲ್ಲ. ಚನ್ನಪಟ್ಟಣದ ರೈಲೂ ನಮ್ಮ ಮನೆಯಲ್ಲಿದೆ, ಮಗಳು ಆಡಿದ್ದು. ಆಲೆ ಮರವನ್ನು ಲೇತ್ ಯಂತ್ರದಲ್ಲಿ ತಿರುಗಿಸಿ, ಅರಗಿನ ಬಣ್ಣ ಹಚ್ಚಿ ಮಾಡಿದ್ದು. ಅದಕ್ಕೆ ಅಚ್ಚೂ ಇಲ್ಲ, ಅಳತೆಯ ಜಗಳವೂ ಇಲ್ಲ. ಮೂರೇ ಮಾಡಿದರೂ ಮುನ್ನೂರು ಮಾಡಿದರೂ ಒಂದರ ಖರ್ಚು ಹೆಚ್ಚುಕಡಿಮೆ ಅಷ್ಟೇ.

"ಹಂಗಾದ್ರ ಅದನ್ನ ಮಾಡೋ" ಎಂದೆ. ಹುಡುಗ ಮುಖ ಸಿಂಡರಿಸಿದ.

ಇಂಜಿನ್ನಿನ ಹೊಟ್ಟೆಯೊಳಗಿನ ಮೋಟಾರು, ಹಲ್ಲುಗಾಲಿ, ಗಾಲಿಗಳ ಜೋಡಣೆ ಹೊರದೇಶದಿಂದ ಬರಬೇಕು. ಆಲ್ಕೋ ಇಂಜಿನ್ನುಗಳ ಅಮೆರಿಕದ ಮಾದರಿಯ ಕೆಳಭಾಗ ನಮ್ಮದಕ್ಕೂ ಸುಮಾರಾಗಿ ಹೊಂದುತ್ತದೆ ಎಂಬುದಕ್ಕೇ ಅವನು ಅದನ್ನು ಆರಿಸಿದ್ದು. ಆದರೆ ಸುಂಕ! ಆಟಿಕೆಗಳ ಆಮದು ಸುಂಕ ಮೊದಲು ನೂರಕ್ಕೆ ಇಪ್ಪತ್ತಿತ್ತು. 2020ರಲ್ಲಿ ಅರವತ್ತಾಯಿತು, 2023ರಲ್ಲಿ ಎಪ್ಪತ್ತು. ಸುಂಕದ ಪಟ್ಟಿಯಲ್ಲಿ ಇಂಥ ಪುಟ್ಟ ಮಾದರಿಗಳೂ ಆಟಿಕೆಯ ಸಾಲಿನಲ್ಲೇ ಇವೆ. ಅತ್ತ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ ಮಾಡಿದ ಆದೇಶ ಮಾತ್ರ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಕ್ಕೆ ಮಾಡಿದ ವಸ್ತುವಿಗೆ. ಹಾಗಾಗಿ ಸುಂಕದವರ ಕಣ್ಣಿಗೆ ಇದು ಆಟಿಕೆ, ಗುರುತಿನವರ ಮುಂದೆ ಅಲ್ಲ. "ನೋಡು, ಸರಕಾರನೂ ನನ್ನಂಗ ಆಟಿಗಿ ಸಾಮಾನು ಅಂತೈತಿ" ಎಂದೆ. ಅವನು ನಗಲಿಲ್ಲ.

ಒಟ್ಟು ಹೀಗಾಯಿತು. ಅಚ್ಚಿಗೆ ನಾಲ್ಕು ಸಾವಿರ, ಒಳಗಿನ ಯಂತ್ರಕ್ಕೆ ಸುಂಕ ಸೇರಿ ಆರು ಸಾವಿರ, ಬಣ್ಣ, ಅಕ್ಷರ, ಪೆಟ್ಟಿಗೆಗೆ ಒಂದೂವರೆ. ಹನ್ನೊಂದೂವರೆ ಸಾವಿರ. ಹದಿನಾಲ್ಕಕ್ಕೆ ಮಾರುತ್ತೇನೆ, ಮುನ್ನೂರಕ್ಕೆ ಏಳೂವರೆ ಲಕ್ಷ ಲಾಭ ಎಂದು ಕೆಳಗೆ ಎರಡು ಗೆರೆ ಎಳೆದ.

ನಾನು ಹಾಳೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. "ಬಡ್ಡಿ ಎಲ್ಲೈತಿ?"

ಬರೆದಿರಲಿಲ್ಲ. ಅಚ್ಚು ಆಗಲು ಒಂದು ವರ್ಷ, ಮಾರಲು ಇನ್ನೊಂದು ವರ್ಷ. ನೂರಕ್ಕೆ ಹನ್ನೆರಡರಂತೆ ಹನ್ನೆರಡು ಲಕ್ಷಕ್ಕೆ ಎರಡು ವರ್ಷಕ್ಕೆ 2,88,000 ರೂಪಾಯಿ. "ನಿನ್ನ ಕೂಲಿ ಎಲ್ಲೈತಿ?" ಅದೂ ಇರಲಿಲ್ಲ. ಎರಡು ವರ್ಷ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ ಉಣ್ಣಬೇಡವೆ? ಮುನ್ನೂರರಲ್ಲಿ ನೂರು ಮಾರದೆ ಉಳಿದರೆ? ಹುಡುಗ ಪೆನ್ನಿನ ಟೋಪಿ ಕಚ್ಚುತ್ತ ಕೂತ.

ಅವನ ಮೇಲೆ ಸಿಟ್ಟು ಬರಲಿಲ್ಲ. ನಮ್ಮವ್ವನೂ ಹೀಗೆಯೇ. ಅಪ್ಪ ಹೋದ ಮೇಲೆ ಹಪ್ಪಳ ಸಂಡಿಗೆ ಮಾಡಿ ಮಾರಿ ನಮ್ಮನ್ನು ಓದಿಸಿದಳು. ಉದ್ದು ಎಷ್ಟು, ಎಣ್ಣೆ ಎಷ್ಟು, ಪಾಪಡಖಾರ ಎಷ್ಟು ಎಂದು ಪೈಸೆ ಪೈಸೆ ಬರೆದಿಡುತ್ತಿದ್ದಳು. ಮಧ್ಯಾಹ್ನವೆಲ್ಲ ಲಟ್ಟಿಸಿದ ತನ್ನ ಕೈಗೆ ಒಂದು ಕಾಸೂ ಬರೆಯಲಿಲ್ಲ. ಅದನ್ನೇ ಲಾಭ ಎಂದು ತಿಳಿದಿದ್ದಳು. ಅವಳ ಮೊಮ್ಮಗ ಈಗ ಲ್ಯಾಪ್‌ಟಾಪಿನಲ್ಲಿ ಅದೇ ತಪ್ಪು ಮಾಡುತ್ತಿದ್ದ.

ಮಗಳ ಹಣ ಮುಟ್ಟುವುದಿಲ್ಲ ಎಂದು ಹೇಳಿಬಿಟ್ಟೆ. ಅವನ ಕಣ್ಣು ತುಂಬಿತು. ಇಪ್ಪತ್ತೊಂಬತ್ತು ವರ್ಷದ ಗಂಡುಮಗ. ಎದ್ದು ಹಿತ್ತಲಿಗೆ ಹೋದ. ಆಗ ಒಳಗಿನಿಂದ ನಮ್ಮ ಮನೆಯವರು, "ಅಚ್ಚಿಲ್ಲದ ಮಾಡಾಕ ಬರಾಂಗಿಲ್ಲೇನು ಕೇಳು" ಎಂದರು. ಕೆಮ್ಮಿದವರೇ ಅವರು!

ಬರುತ್ತದಂತೆ. ರಾಳದ ದ್ರವವನ್ನು ಬೆಳಕಿನಿಂದ ಪದರ ಪದರವಾಗಿ ಗಟ್ಟಿ ಮಾಡುತ್ತ ವಸ್ತುವನ್ನೇ ಮುದ್ರಿಸುವ ಯಂತ್ರಗಳು ಬಂದಿವೆ. ಒಂದು ಇಂಜಿನ್ನಿನ ಮೈಗೆ ಒಂದು ರಾತ್ರಿ ಬೇಕು. ಸಾವಿರ ಮಾಡಲು ಅದು ಪ್ರಯೋಜನವಿಲ್ಲ, ನಲವತ್ತಕ್ಕೆ ಸಾಕು. ಒಳಗಿನ ಯಂತ್ರ ಬೇಡ, ಮೈ ಮಾತ್ರ ಕೊಡು, ಬೇಕಾದವರು ತಮ್ಮ ಹತ್ತಿರ ಇರುವ ಯಂತ್ರದ ಮೇಲೆ ಕೂರಿಸಿಕೊಳ್ಳಲಿ ಎಂದು ಮಾತಾಯಿತು. ನನ್ನ ಉಳಿತಾಯ ಖಾತೆಯಿಂದ ಎಂಬತ್ತು ಸಾವಿರ ಕೊಟ್ಟೆ. ಒಂದು ಷರತ್ತು ಹಾಕಿದೆ. ನೌಕರಿಗೆ ಮತ್ತೆ ಸೇರಬೇಕು, ಅವ್ವನಿಗೆ ತಾನೇ ಹೇಳಬೇಕು. ಹೇಳಿದ. ಅಕ್ಕ ನನ್ನೊಡನೆ ಎರಡು ತಿಂಗಳು ಮಾತಾಡಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದು. ಅವಳ ಸಿಟ್ಟು ಸರಿಯಾದದ್ದೇ.

ಹಗಲು ನೌಕರಿ, ರಾತ್ರಿ ಇಂಜಿನ್ನು. ಏಪ್ರಿಲ್ಲಿನಲ್ಲಿ ಕೊರಿಯರಿಗೆ ಹಾಕಿದ ಒಂಬತ್ತು ಮೈಗಳು ಬಿಸಿಲಿಗೆ ಬಾಗಿ ಬಾಳೆಕಾಯಿಯಾಗಿ ಗಿರಾಕಿಗಳ ಮನೆ ತಲುಪಿದವು. ಒಂಬತ್ತನ್ನೂ ಮತ್ತೆ ಮಾಡಿ ಕಳಿಸಿದ. ನಲವತ್ತೂ ಮಾರಿದವು, ಒಂದಕ್ಕೆ 3,200ರಂತೆ.

ಜೂನ್ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಒಂದು ಮದುವೆಗೆ ಹೋಗಿದ್ದೆವು. ಅಲ್ಲಿನ ಗಿರಾಕಿಯೊಬ್ಬರಿಗೆ ಇಂಜಿನ್ನನ್ನು ಕೈಯಾರೆ ಕೊಟ್ಟು ಬರೋಣ ಎಂದು ಹುಡುಗ ನನ್ನನ್ನೂ ಕರೆದುಕೊಂಡು ಹೋದ. ದೊಡ್ಡ ಶ್ರೀಮಂತ ಹವ್ಯಾಸಿ ಇರಬೇಕೆಂದು ನಾನು ಅಂದುಕೊಂಡಿದ್ದೆ. ಎರಡು ಕೋಣೆಯ ಮನೆ. ನಿವೃತ್ತ ರೈಲು ಚಾಲಕರು. ಅವರ ಹತ್ತಿರ ಹಳಿಯೂ ಇರಲಿಲ್ಲ, ಮೋಟಾರೂ ಇರಲಿಲ್ಲ. ಪೆಟ್ಟಿಗೆ ಬಿಚ್ಚಿ, ಇಂಜಿನ್ನನ್ನು ಊಟದ ಮೇಜಿನ ಮೇಲಿಟ್ಟು, ಬಗ್ಗಿ ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಬಹಳ ಹೊತ್ತು ನೋಡಿದರು. ಒಂದು ಹಿಡಿಕೆಯ ಕಂಬಿ ಸ್ವಲ್ಪ ಮೇಲಿರಬೇಕಿತ್ತು ಎಂದು ತೋರಿಸಿದರು. ಹುಡುಗ ಫೋಟೋ ತೆಗೆದು ನೋಡಿ, ಹೌದು ಎಂದ. ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು. ತಟ್ಟೆಯನ್ನು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ತಾವೂ ಬಗ್ಗಿ ನೋಡಿದರು.

"ಮೂವತ್ತು ವರ್ಷ ಇದಕ್ಕ ಬುತ್ತಿ ಕಟ್ಟೀನಿ ನೋಡ್ರಿ, ಅಕ್ಕಾರ. ಇದರ ಮಾರಿ ಇವತ್ತ ನೋಡಿದೆ."

ಮುಟ್ಟಲೋ ಬೇಡವೋ ಎಂದು ಬೆರಳು ಚಾಚಿ, ಹಿಂದೆ ತೆಗೆದುಕೊಂಡರು. ಚಾಲಕರು ಇಂಜಿನ್ನನ್ನು ಎತ್ತಿ ಅವರ ಅಂಗೈ ಮೇಲೆ ಇಟ್ಟರು.

ಮೊನ್ನೆ ಮತ್ತೆ ಗೌರಿ ಹುಣ್ಣಿಮೆ ಹತ್ತಿರ ಬಂತು. ಹುಡುಗ ಬಂದಿದ್ದ, ಈ ಸಲ ಕೊಟ್ಟೂರಿಗೆ ಹೋಗಿ ಆಮೇಲೆ ಇಲ್ಲಿಗೆ. ವರ್ಷದ ಲೆಕ್ಕ ಮಾಡಿದೆವು. ಬಂದದ್ದು 1,28,000. ಯಂತ್ರಕ್ಕೆ ಎಂಬತ್ತು ಸಾವಿರ. ಬಾಗಿದ ಒಂಬತ್ತೂ ಸೇರಿ ನಲವತ್ತೊಂಬತ್ತಕ್ಕೆ ರಾಳ, ಬಣ್ಣ, ಪೆಟ್ಟಿಗೆ, ಕೊರಿಯರು 44,100. ಉಳಿದದ್ದು 3,900. ನನ್ನ ಹಣಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿ ಹಾಕಿದರೆ 9,600. ಅಂದರೆ 5,700 ನಷ್ಟ. ನಲವತ್ತೊಂಬತ್ತು ರಾತ್ರಿಗಳ ಕೂಲಿ ಹಿಡಿದಿಲ್ಲ. ಯಂತ್ರ ಉಳಿದಿದೆ, ನಿಜ. ಐವತ್ತು ಸಾವಿರ ನನಗೆ ಮರಳಿ ಕೊಟ್ಟ. ಮೂವತ್ತು ಬಾಕಿ.

ಬಾಕಿಯ ಮಾತು ಬಂದಾಗ ಚೀಲದಿಂದ ಒಂದು ಚಿತ್ರ ತೆಗೆದ. ಹಳೆಯ ಮೀಟರ್ ಗೇಜ್ ಉಗಿಬಂಡಿ. ಅವನು ಅದನ್ನು ಕಣ್ಣಾರೆ ಕಂಡವನಲ್ಲ. ನಾನು ಕಂಡಿದ್ದೇನೆ. ಮುಂದಿನದು ಇದು, ಇಪ್ಪತ್ತೇ ಮಾಡುತ್ತೇನೆ, ಹಳಿ ಹನ್ನೆರಡು ಮಿಲಿಮೀಟರಿನದು, ಅದು ಸಿಗುತ್ತದೆ ಎಂದ.

ನಾನು ಒಲೆಯ ಮೇಲಿನ ಪಾಕಕ್ಕೆ ಎಳೆ ಬಂತೇ ಎಂದು ನೋಡುತ್ತಿದ್ದೆ. ತಿರುಗದೆ ಕೇಳಿದೆ.

"ಬಡ್ಡಿ ಬರದಿಯೇನು?"

"ಬರದೀನಿ, ಚಿಗವ್ವ."

"ಕೂಲಿ?"

ಉತ್ತರ ಬರಲಿಲ್ಲ. ಗಿಳಿಯ ಅಚ್ಚಿಗೆ ದಾರ ಬಿಗಿದು ಹಿಡಿದುಕೊಳ್ಳಲು ಅವನ ಕೈಗೆ ಕೊಟ್ಟೆ. ಪಾಕ ಬಿಸಿ ಇತ್ತು, ನಿಧಾನಕ್ಕೆ ಹೊಯ್ದೆ.